ನಂದಿ ಗೋತ್ರದ ಕ್ವಾರ್ಟರ್‌ಬ್ಯಾಕ್

ನೇಥನ್ ಹಾಲಿಸ್ ಎಂಬ ಹುಡುಗ ಚೆಂಡನ್ನು ನೆಟ್ಟಗೆ ಎಸೆಯುವುದನ್ನು ಮೊದಲೇ ಕಲಿತಿದ್ದರೆ ನಮ್ಮ ಇಂದುಧರನಿಗೆ ಈ ಗತಿ ಬರುತ್ತಿರಲಿಲ್ಲ. ಕೊನೆಯವರೆಗೂ ಕಲಿಯದೆ ಇದ್ದಿದ್ದರೂ ಬರುತ್ತಿರಲಿಲ್ಲ. ಅವನು ಅಕ್ಟೋಬರ್ ತಿಂಗಳ ಮಧ್ಯದಲ್ಲಿ ಕಲಿತ. ತೊಂದರೆಯಾದದ್ದು ಅದರಿಂದಲೇ.

ಇದು 2002ರ ಮಾತು. ಆ ವರ್ಷ ಸ್ಯಾನ್ ಡಿಯೇಗೊದ ಟೆಲಿಕಾಂ ಕಂಪನಿಗಳಲ್ಲಿ ಜನರನ್ನು ಮನೆಗೆ ಕಳಿಸುವ ಸುಗ್ಗಿ ನಡೆದಿತ್ತು. ನಾನು ಮತ್ತು ಇಂದುಧರ ಇಬ್ಬರೂ ರಾಂಚೊ ಬರ್ನಾರ್ಡೊದಲ್ಲಿ ಒಂದೇ ರಸ್ತೆಯಲ್ಲಿ ಮನೆ ಮಾಡಿಕೊಂಡು, ಮೀರಾ ಮೆಸಾದ ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಮೈಸೂರಿನ ಮಂಡಿ ಮೊಹಲ್ಲಾದವನು, ಜುಲ್ಫಿಕರ್, ಟೆಸ್ಟಿಂಗ್ ಲ್ಯಾಬಿನಲ್ಲಿದ್ದೆ. ಅವನು ರಾಣೆಬೆನ್ನೂರಿನವನು, ಸಾಫ್ಟ್‌ವೇರ್ ಗ್ರೂಪಿನಲ್ಲಿದ್ದ. ಕಾರಿನಲ್ಲಿ ಇಬ್ಬರಿದ್ದರೆ ಫ್ರೀವೇಯಲ್ಲಿ ಕಾರ್‌ಪೂಲ್ ಲೇನ್ ಸಿಕ್ಕಿ ಬೇಗ ತಲುಪಬಹುದೆಂಬ ಒಂದೇ ಕಾರಣಕ್ಕೆ ಹನ್ನೊಂದು ವರ್ಷ ನಾನು ಅವನ ಮಾತು ಕೇಳಿಸಿಕೊಂಡಿದ್ದೇನೆ. ಹಾಗಾಗಿ ನನಗೆ ಗೊತ್ತಿಲ್ಲದ ಸಂಗತಿ ಅವನ ಬದುಕಿನಲ್ಲಿ ಯಾವುದೂ ಇಲ್ಲ.

ಇಂದುಧರನ ಮ್ಯಾನೇಜರ್ ಓಲ್ಸನ್ ಎಂಬುವನು. ಒಳ್ಳೆಯ ಮನುಷ್ಯ, ಆದರೆ ಅವನ ಒಳ್ಳೆಯತನಕ್ಕೆ ಒಂದು ವೇಳಾಪಟ್ಟಿ ಇತ್ತು. ಅವನು ಓದಿದ್ದು ಲಾಸ್ ಏಂಜಲೀಸಿನ ಆರ್ಡನ್‌ಹಿಲ್ ಎಂಬ ಸಣ್ಣ ಕಾಲೇಜಿನಲ್ಲಿ. ಆ ಕಾಲೇಜಿನ ಫುಟ್‌ಬಾಲ್ ತಂಡ ಶನಿವಾರ ಗೆದ್ದರೆ ಸೋಮವಾರ ಅವನು ಎಲ್ಲರಿಗೂ ಡೋನಟ್ ತರುತ್ತಿದ್ದ. ಸೋತರೆ ಅವನ ಬಾಗಿಲು ಮಧ್ಯಾಹ್ನದವರೆಗೆ ಮುಚ್ಚಿರುತ್ತಿತ್ತು. ಅಮೆರಿಕನ್ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಕಡಿಮೆ. ಚೆಂಡನ್ನು ಕೈಯಲ್ಲಿ ಹಿಡಿದು ಎಸೆಯುವವನೊಬ್ಬ ಇರುತ್ತಾನೆ, ಅವನೇ ಕ್ವಾರ್ಟರ್‌ಬ್ಯಾಕ್. ಗೆದ್ದರೂ ಅವನಿಂದ, ಸೋತರೂ ಅವನಿಂದ. ನಮ್ಮ ಕಡೆ ಮನೆಯ ಹಿರಿಸೊಸೆಗೆ ಇರುವ ಸ್ಥಾನಮಾನ ಅದು. ಆರ್ಡನ್‌ಹಿಲ್ಲಿನ ಹಿರಿಸೊಸೆ ಈ ನೇಥನ್ ಹಾಲಿಸ್. ಅವನು ಎಸೆದ ಚೆಂಡು ತನ್ನವರ ಕೈಗೆ ಹೋಗುವ ಬದಲು ಎದುರಾಳಿಗಳ ಕೈಗೆ ಹೋಗುತ್ತಿತ್ತು. ತಂಡ ಒಂದರ ಹಿಂದೆ ಒಂದು ನಾಲ್ಕು ಆಟ ಸೋತಿತ್ತು.

ಇದೇ ಹೊತ್ತಿಗೆ ಮೇಲಿನಿಂದ ಆಜ್ಞೆ ಬಂತು. ಓಲ್ಸನ್ ತನ್ನ ಗ್ರೂಪಿನ ಐದು ಜನರಲ್ಲಿ ಒಬ್ಬನನ್ನು ಕೈಬಿಡಬೇಕು, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಸೋಮವಾರದೊಳಗೆ ಹೆಸರು ಕಳಿಸಬೇಕು. ಇಂದುಧರನಿಗೆ ಐವತ್ತೊಂದು ವರ್ಷ. ಆ ವಯಸ್ಸಿಗೆ ಆ ವರ್ಷ ಕೆಲಸ ಹೋದರೆ ಇನ್ನೊಂದು ಸಿಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಉಳಿದ ನಾಲ್ವರು ರಾತ್ರಿ ಹಗಲು ಕೋಡ್ ಬರೆಯತೊಡಗಿದರು. ಇಂದುಧರ ಮಾತ್ರ ಬೇರೆ ಲೆಕ್ಕ ಹಾಕಿದ.

"ನೋಡು ಜುಲ್ಫಿ, ಹೆಸರು ಕಳಿಸೋದು ಓಲ್ಸನ್. ಓಲ್ಸನ್ ಮೂಡು ಇರೋದು ಆ ಹುಡುಗನ ಕೈಯಲ್ಲಿ. ಅಂದ್ಮೇಲೆ ನನ್ನ ಕೆಲಸ ಇರೋದೂ ಆ ಹುಡುಗನ ಕೈಯಲ್ಲೇ ತಾನೆ?"

ಇಂಥ ತರ್ಕಕ್ಕೆ ನಾನು ಕಾರಿನಲ್ಲಿ ಉತ್ತರ ಕೊಡುವುದಿಲ್ಲ. ರಸ್ತೆ ನೋಡಬೇಕಾಗುತ್ತದೆ.

ನಾಲ್ಕನೆಯ ಸೋಲಿನ ಸೋಮವಾರ ಮೀಟಿಂಗಿನಲ್ಲಿ ಓಲ್ಸನ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಹುಡುಗ ಒಂದೇ ಆಟದಲ್ಲಿ ಮೂರು ಸಲ ಎದುರಾಳಿಗಳಿಗೆ ಎಸೆದನಂತೆ. ಅದನ್ನು ನೋಡಲಾರದೆ ನಮ್ಮ ಇಂದುಧರ ಬಾಯಿ ಬಿಟ್ಟ. ತನ್ನ ಮಗಳು ಅದೇ ಕಾಲೇಜಿನಲ್ಲಿ ಓದುತ್ತಿದ್ದಾಳೆ, ಆ ಹುಡುಗ ಅವಳಿಗೆ ತುಂಬ ಚೆನ್ನಾಗಿ ಗೊತ್ತು, ಬೇಕಾದರೆ ಒಂದು ಮಾತು ಹೇಳಿಸುತ್ತೇನೆ ಎಂದ.

ಮೊದಲ ಭಾಗ ನಿಜ. ಇಂದುಧರನ ಒಬ್ಬಳೇ ಮಗಳು ಹರಿಣಿ ಆರ್ಡನ್‌ಹಿಲ್ಲಿನಲ್ಲಿ ಎರಡನೆಯ ವರ್ಷ ಬಯಾಲಜಿ ಓದುತ್ತಿದ್ದಳು. ಎರಡನೆಯ ಭಾಗದ ಬಗ್ಗೆ ಅವಳನ್ನೇ ಕೇಳಿದ್ದಾಯಿತು. ಅಂದು ಸಂಜೆ ಅವನು ನನ್ನ ಎದುರಿಗೇ ಫೋನ್ ಮಾಡಿ, "ಹರಿಣಿ, ಆ ಕ್ವಾರ್ಟರ್‌ಬ್ಯಾಕ್ ಹುಡುಗ ನಿನಗೆ ಗೊತ್ತು ಅಂದಿದ್ದೆಯಲ್ಲಮ್ಮ" ಎಂದ.

"ಅಪ್ಪ, ಹೀ ಟುಕ್ ದ ಲಾಸ್ಟ್ ಮಫಿನ್," ಎಂದಳು ಹರಿಣಿ. ಕ್ಯಾಂಟೀನಿನ ಸಾಲಿನಲ್ಲಿ ಅವಳ ಮುಂದೆ ನಿಂತಿದ್ದವನು ಕೊನೆಯ ಮಫಿನ್ ಎತ್ತಿಕೊಂಡನಂತೆ. "ದಟ್ಸ್ ಆಲ್ ಐ ನೋ ಅಬೌಟ್ ಹಿಮ್."

ಮಂಗಳವಾರ ಓಲ್ಸನ್ ಒಂದು ಹಳದಿ ಚೀಟಿ ತಂದುಕೊಟ್ಟ. ಎಸೆಯುವಾಗ ಎಡಗಾಲು ಎಲ್ಲಿರಬೇಕು ಎಂಬುದರ ಬಗ್ಗೆ ಅದರಲ್ಲಿ ಚಿತ್ರಸಮೇತ ಸಲಹೆ ಇತ್ತು. ದಯವಿಟ್ಟು ನಿಮ್ಮ ಮಗಳ ಮೂಲಕ ತಲುಪಿಸಿ ಎಂದ. ಇಂದುಧರ ಅದನ್ನು ಜೇಬಿಗಿಳಿಸಿ, ಗುರುವಾರ, "ನೇಥನ್ ಥ್ಯಾಂಕ್ಸ್ ಹೇಳಿದ್ದಾನೆ ಸರ್" ಎಂದು ವರದಿ ಒಪ್ಪಿಸಿದ. ಓಲ್ಸನ್ ಕಣ್ಣಲ್ಲಿ ನೀರು ಬಂತಂತೆ. ಮುಂದಿನ ವಾರ ಮೂರು ಚೀಟಿ ಬಂದವು. ಎಲ್ಲವೂ ನನ್ನ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಸೇರಿದವು. ಎರಡು ಕಡೆಯ ಮಾತನ್ನೂ ತಾನೇ ಆಡುವ ಈ ಅಂಚೆ ಇಲಾಖೆ ಹದಿನೈದು ದಿನ ಚೆನ್ನಾಗಿಯೇ ನಡೆಯಿತು. ಆದರೆ ಸಲಹೆ ತಲುಪದ ಕಾರಣ ಹುಡುಗ ಐದನೆಯ ಆಟವನ್ನೂ ಸೋತ.

ಆಗ ಇಂದುಧರ ದೇವರನ್ನು ಹಿಡಿದ.

ಸ್ಯಾನ್ ಡಿಯೇಗೊದಲ್ಲಿ ಆಗ ಒಂದು ಗೋದಾಮಿನ ಹಾಲನ್ನು ಬಾಡಿಗೆಗೆ ಹಿಡಿದು ದೇವಸ್ಥಾನ ಮಾಡಿಕೊಂಡಿದ್ದರು. ಅಕ್ಟೋಬರ್ ಮೂರನೆಯ ಶನಿವಾರ ಬೆಳಿಗ್ಗೆ ಇಂದುಧರ ಅಲ್ಲಿಗೆ ನನ್ನ ಕಾರಿನಲ್ಲೇ ಹೋದ. ನಾನು ಹಾಲಿನ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದೆ. ಅಲ್ಲಿಯ ಪುಳಿಯೋಗರೆ ಚೆನ್ನಾಗಿರುತ್ತದೆ, ಅದನ್ನು ಕೊಡುವವರು ನನ್ನ ಹೆಸರು ಕೇಳಿದವರಲ್ಲ. ಅರ್ಚನೆಯ ಕೌಂಟರಿನಲ್ಲಿ ವಾಲಂಟಿಯರ್ ಆಗಿ ಕೂತಿದ್ದವರು ರಾಜಲಕ್ಷ್ಮಿ. ಇಂದುಧರನ ಗ್ರೂಪಿನಲ್ಲೇ ಇದ್ದ ಬಾಲಕೃಷ್ಣನ ಹೆಂಡತಿ, ಕನ್ನಡ ಸಂಘದ ಕಾರ್ಯದರ್ಶಿ. ಊರಿನಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಒಲೆ ಹಚ್ಚುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು.

ಫಾರಂನಲ್ಲಿ ಒಬ್ಬರ ಹೆಸರಿಗೆ ಬೇರೆ ಅರ್ಚನೆ, ಕುಟುಂಬಕ್ಕೆ ಬೇರೆ ಅರ್ಚನೆ ಎಂದು ಎರಡು ಭಾಗವಿತ್ತು. ಒಬ್ಬರ ಹೆಸರಿನದಾದರೆ ಗೋತ್ರ, ನಕ್ಷತ್ರ ಎಲ್ಲ ಬರೆಯಬೇಕು. ನೇಥನ್ ಹಾಲಿಸ್ ನಕ್ಷತ್ರ ಇಂದುಧರನಿಗೆ ಎಲ್ಲಿಂದ ಬರಬೇಕು? ಕುಟುಂಬದ ಅರ್ಚನೆಯಾದರೆ ಗೋತ್ರ ಒಂದು ಬರೆದರೆ ಸಾಕು, ಅದರ ಕೆಳಗೆ ಹೆಸರುಗಳ ಪಟ್ಟಿ. ಅವನು ತನ್ನ ನಂದಿ ಗೋತ್ರ ಬರೆದು, ಅದರ ಕೆಳಗೆ ತನ್ನ ಹೆಸರು, ಹೆಂಡತಿ ಶಾಮಲಾ, ಮಗಳು ಹರಿಣಿ, ಅವಳ ಪಕ್ಕದಲ್ಲಿ ನೇಥನ್ ಎಂದು ಸೇರಿಸಿಬಿಟ್ಟ. ದೇವರಿಗೆ ಅರ್ಥವಾದರೆ ಸಾಕು ಎಂಬುದು ಅವನ ಅಭಿಪ್ರಾಯ.

ದೇವರಿಗೆ ಅರ್ಥವಾಯಿತೋ ಇಲ್ಲವೋ, ಅರ್ಚಕರು ಮೈಕಿನಲ್ಲಿ ಓದಿದ್ದು ಹಾಲಿನಲ್ಲಿದ್ದ ಅರವತ್ತು ಜನರಿಗೆ ಅರ್ಥವಾಯಿತು. "ನಂದಿ ಗೋತ್ರೋದ್ಭವಸ್ಯ ಇಂದುಧರ ನಾಮಧೇಯಸ್ಯ, ಶಾಮಲಾ ನಾಮಧೇಯಾಯಾಃ, ಹರಿಣಿ ನಾಮಧೇಯಾಯಾಃ" ಎಂದು ಸಲೀಸಾಗಿ ಬಂದವರು ಒಂದು ಕ್ಷಣ ನಿಂತು, ಕನ್ನಡಕ ಸರಿಮಾಡಿಕೊಂಡು, "ನೇಥನ್ ನಾಮಧೇಯಸ್ಯ" ಎಂದರು. ಅರವತ್ತು ತಲೆಗಳು ತಿರುಗಿದವು. ರಾಜಲಕ್ಷ್ಮಿ ಪೆನ್ನಿಗೆ ಮುಚ್ಚಳ ಹಾಕಿ ಎದ್ದು ನಿಂತರು. ಮಗಳ ಹೆಸರಿನ ಪಕ್ಕ ಒಂದು ಗಂಡು ಹೆಸರು ಅರ್ಚನೆಯಲ್ಲಿ ಬಂದರೆ ಅದಕ್ಕೆ ನಮ್ಮ ಜನರಲ್ಲಿ ಒಂದೇ ಅರ್ಥ.

ಅಂದು ಮಧ್ಯಾಹ್ನ ಆರ್ಡನ್‌ಹಿಲ್ ಇಪ್ಪತ್ತೊಂದು ಪಾಯಿಂಟಿನಿಂದ ಗೆದ್ದಿತು.

ಸುದ್ದಿ ಶಾಮಲಾಗೆ ಮುಟ್ಟಿದ್ದು ಬುಧವಾರ, ಬ್ಲ್ಯಾಕ್ ಮೌಂಟನ್ ರೋಡಿನ ಇಂಡಿಯನ್ ಅಂಗಡಿಯಲ್ಲಿ, ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಾಗ. ನನ್ನ ಹೆಂಡತಿ ಕನೀಜ್ ಫಾತಿಮಾ ಪಕ್ಕದಲ್ಲೇ ಇದ್ದಳು.

"ಏನ್ರೀ ಶಾಮಲಾ, ಹುಡುಗ ನೋಡೋಕೆ ಹೇಗಿದ್ದಾನೆ? ನಮಗೊಂದು ಮಾತೂ ಹೇಳಲಿಲ್ಲ ನೀವು," ಎಂದರು ರಾಜಲಕ್ಷ್ಮಿ.

ಶಾಮಲಾ ಕೆಟ್ಟವಳಲ್ಲ, ಆದರೆ ಅವಳಿಗೆ ಒಂದು ದೌರ್ಬಲ್ಯವಿತ್ತು. ರಾಜಲಕ್ಷ್ಮಿಗೆ ಗೊತ್ತಿರುವ ಯಾವುದೇ ವಿಷಯ ತನಗೆ ಗೊತ್ತಿಲ್ಲವೆಂದು ಅವಳು ಒಪ್ಪಿಕೊಳ್ಳುತ್ತಿರಲಿಲ್ಲ. ಅದು ತನ್ನ ಮಗಳ ಮದುವೆಯೇ ಆದರೂ. ಬೆಂಡೆಕಾಯಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತ, "ಇನ್ನೂ ಮಾತುಕತೆ ನಡೀತಿದೆ ರೀ. ಎಲ್ಲಾ ಪಕ್ಕಾ ಆದ್ಮೇಲೆ ಹೇಳೋಣ ಅಂತಿದ್ವಿ" ಎಂದಳು.

ಮನೆಗೆ ಬಂದು ಗಂಡನನ್ನು ಏನು ಕೇಳಿದಳೆಂಬುದನ್ನು ನಾನು ಬರೆಯುವಂತಿಲ್ಲ. ನಮ್ಮ ಮನೆಯ ಕಿಟಕಿ ಮುಚ್ಚಿದ್ದರೂ ಕೇಳಿಸಿತು. ಇಂದುಧರ ಎಲ್ಲವನ್ನೂ ಬಿಡಿಸಿ ಹೇಳಿದ. ಈಗ ಇಲ್ಲವೆಂದರೆ ಶಾಮಲಾ ಅಂಗಡಿಯಲ್ಲಿ ಸುಳ್ಳು ಹೇಳಿದಂತಾಗುತ್ತದೆ. ಆಫೀಸಿಗೆ ತಿಳಿದರೆ ಇಂದುಧರ ಸುಳ್ಳು ಹೇಳಿದ್ದೂ ಬಯಲಾಗುತ್ತದೆ. ಥ್ಯಾಂಕ್ಸ್‌ಗಿವಿಂಗ್ ವಾರದವರೆಗೆ ಹೂಂ ಅನ್ನದೆ ಊಹೂಂ ಅನ್ನದೆ ಇದ್ದುಬಿಡುವುದೆಂದು ಗಂಡ ಹೆಂಡತಿ ತೀರ್ಮಾನಿಸಿದರು. ಹರಿಣಿಗೆ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಕನ್ನಡ ಸಂಘದಲ್ಲಿ ಈ ಸಂಬಂಧದ ಬಗ್ಗೆ ನಡೆದ ಚರ್ಚೆಯನ್ನು ನಾನು ದಾಖಲಿಸಲೇಬೇಕು. ಮೊದಲ ವಾರ ವಿರೋಧವಿತ್ತು. ಹುಡುಗ ಏನು ತಿನ್ನುತ್ತಾನೋ, ಏನು ಕುಡಿಯುತ್ತಾನೋ ಎಂದರು. ಬಾಲಕೃಷ್ಣ ಎತ್ತಿದ ಆಕ್ಷೇಪ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. "ಅಮೆರಿಕದವನು ಅನ್ನೋದು ಬಿಡಿ, ಹೇಗೋ ಆಗುತ್ತೆ. ಆದ್ರೆ ಹುಡುಗಿ ನಂದಿ ಗೋತ್ರ, ಅರ್ಚನೇಲಿ ಹುಡುಗನಿಗೂ ನಂದಿ ಗೋತ್ರ ಕೊಟ್ಟಿದ್ದಾರೆ. ಸಗೋತ್ರ ಆಗಲ್ವಾ?"

ಅಷ್ಟರಲ್ಲಿ ಹುಡುಗ ಎರಡನೆಯ ಆಟ ಗೆದ್ದ, ಮೂರನೆಯದೂ ಗೆದ್ದ. ಸ್ಯಾನ್ ಡಿಯೇಗೊ ಪತ್ರಿಕೆಯ ಆಟದ ಪುಟದಲ್ಲಿ ಸಣ್ಣಕ್ಷರದಲ್ಲಿ ಅವನ ಹೆಸರು ಬಂತು. ಸಣ್ಣ ಕಾಲೇಜಾದ್ದರಿಂದ ಆಟ ಟಿವಿಯಲ್ಲಿ ಬರುತ್ತಿರಲಿಲ್ಲ, ಫೋಟೋ ಕೂಡ ಇರಲಿಲ್ಲ. ಆದರೂ ಹುಡುಗ ಆರಡಿ ಎರಡಂಗುಲ ಎತ್ತರವೆಂದೂ, ನೀಲಿ ಕಣ್ಣಿನವನೆಂದೂ ರಾಜಲಕ್ಷ್ಮಿಗೆ ಗೊತ್ತಿತ್ತು. ನಾಲ್ಕನೆಯ ಗೆಲುವಿನ ಹೊತ್ತಿಗೆ ಗೋತ್ರದ ಪ್ರಶ್ನೆ ಬಿದ್ದುಹೋಯಿತು. ಐದನೆಯ ಗೆಲುವಿಗೆ, ಪ್ರೀತಿಗೆ ಜಾತಿ ದೇಶಗಳ ಹಂಗಿಲ್ಲವೆಂದು ಬಾಲಕೃಷ್ಣನೇ ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ನಮ್ಮ ಜನ ಇಷ್ಟು ಉದಾರಿಗಳಾಗಲು ಮೂವತ್ತು ವರ್ಷ ಹಿಡಿದೀತೆಂದು ನಾನು ಅಂದುಕೊಂಡಿದ್ದೆ. ಐದು ಶನಿವಾರ ಸಾಕಾಯಿತು.

ಆಫೀಸಿನಲ್ಲಿ ಓಲ್ಸನ್ ಬೇರೆಯೇ ಮನುಷ್ಯನಾಗಿದ್ದ. ತನ್ನ ಚೀಟಿಗಳಿಂದಲೇ ಹುಡುಗನ ಎಡಗಾಲು ಸರಿಹೋಯಿತೆಂದು ಅವನು ನಂಬಿದ್ದ. ಡೋನಟ್ ತಿಂದು ತಿಂದು ಅವನ ಗ್ರೂಪಿನ ಐವರ ತೂಕವೂ ಏರಿತು. ಕಾಫಿ ಯಂತ್ರದ ಬಳಿ ಬಾಲಕೃಷ್ಣ ಅವನಿಗೆ, ನೇಥನ್ ಇಂದುಧರನ ಭಾವಿ ಅಳಿಯ, ನಿಮಗೆ ಗೊತ್ತಿಲ್ಲವೇ ಎಂದ. ಓಲ್ಸನ್ ಓಡಿ ಬಂದು ಇಂದುಧರನನ್ನು ತಬ್ಬಿಕೊಂಡ. ಇಂದುಧರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಬ್ಬಿಸಿಕೊಂಡ.

ಕೊನೆಯ ಆಟ ನವೆಂಬರ್ ಇಪ್ಪತ್ತಮೂರು, ಸ್ಯಾನ್ ಡಿಯೇಗೊದ ಒಂದು ಕಾಲೇಜಿನ ಮೇಲೆ. ಎದುರಾಳಿ ನಮ್ಮೂರಿನ ತಂಡವೆಂದು ಸ್ಥಳೀಯ ಟಿವಿಯವರು ಮೊದಲ ಸಲ ತೋರಿಸುವವರಿದ್ದರು. ಎರಡು ದಿನ ಕಳೆದರೆ ಹೆಸರು ಕಳಿಸುವ ಸೋಮವಾರ. ಓಲ್ಸನ್ ತಾನಾಗಿಯೇ, "ನಾನು ಈ ಆಟವನ್ನು ನಿಮ್ಮ ಮನೆಯಲ್ಲಿ, ನಿಮ್ಮ ಕುಟುಂಬದ ಜೊತೆ ನೋಡಬೇಕು" ಎಂದ. ಓಲ್ಸನ್ ಬರುತ್ತಾನೆಂದು ತಿಳಿದ ಮೇಲೆ ಬಾಲಕೃಷ್ಣ ಬಾರದೆ ಇರಲು ಸಾಧ್ಯವೇ? ರಾಜಲಕ್ಷ್ಮಿ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತು ಹೊತ್ತು ತಂದರು. ಸಂಘದ ಇನ್ನೂ ಎಂಟು ಹತ್ತು ಜನ ಬಂದರು.

ಇಂದುಧರನ ತಾಯಿ ಗುರುಬಸವ್ವ ಆಗ ಆರು ತಿಂಗಳಿಗೆಂದು ಬಂದಿದ್ದರು. ಸೋಫಾದ ನಡುವೆ ಕಾಲು ಮಡಚಿ ಕೂತು ಆ ಮನೆಯಲ್ಲಿ ಆಟವನ್ನು ಸರಿಯಾಗಿ ನೋಡಿದ್ದು ಅವರು ಮತ್ತು ಓಲ್ಸನ್, ಇಬ್ಬರೇ. "ಇದರಾಗೇನೈತಿ ತಮ್ಮಾ," ಎಂದು ಅವರು ನನಗೆ ವಿವರಿಸಿದರು. "ಈ ಕಡೆಯವ್ರು ಆ ಕಡೆ ಹೋಗಬೇಕು, ಆ ಕಡೆಯವ್ರು ಬಿಡಂಗಿಲ್ಲ. ನಮ್ಮೂರ ಬಸ್ಸಿನ್ಯಾಗ ಸೀಟ್ ಹಿಡದಂಗ." ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದರೂ ಆ ಆಟ ನನಗೆ ಅಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ಉಳಿದವರೆಲ್ಲ ಮಂಡಕ್ಕಿ ಮಿರ್ಚಿಯಲ್ಲಿ ಮುಳುಗಿದ್ದರು. ಆಗ ರಂಜಾನ್ ತಿಂಗಳು, ನಾನೂ ಕನೀಜಳೂ ರೋಜಾ ಇದ್ದೆವು. ತಿನ್ನಲು ಇಲ್ಲದವನಿಗೆ ತಿನ್ನುವವರ ಮುಖ ನೋಡುವುದೇ ಕೆಲಸ. ಹಾಗಾಗಿ ಆ ದಿನ ಯಾರ ಮುಖ ಯಾವಾಗ ಹೇಗೆ ಬದಲಾಯಿತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಟಿವಿಯಲ್ಲಿ ನೇಥನ್ ಎಂದರೆ ಏಳನೆಯ ನಂಬರಿನ ಅಂಗಿ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಿಂಬಿನಂಥ ಕವಚ, ಮಣಿಕಟ್ಟಿನವರೆಗೆ ಅಂಗಿಯ ತೋಳು, ಕೈಗೆ ಗವಸು. "ನಮ್ಮ ಹುಡುಗ ಎಷ್ಟು ಚೆನ್ನಾಗಿ ಓಡ್ತಾನೆ," ಎಂದು ರಾಜಲಕ್ಷ್ಮಿ ಒಮ್ಮೆ ಅಂದರು. ಅವರು ತೋರಿಸಿದ್ದು ರೆಫರಿಯನ್ನು. ಆಟ ಮುಗಿಯಲು ನಲವತ್ತು ಸೆಕೆಂಡು ಇರುವಾಗ ಏಳನೆಯ ನಂಬರಿನವನು ಚೆಂಡನ್ನು ಮೈದಾನದ ಅರ್ಧದಷ್ಟು ದೂರ ಎಸೆದ. ಅದು ನೆಟ್ಟಗೆ ತನ್ನವನ ಕೈಗೇ ಹೋಯಿತು. ಓಲ್ಸನ್ ಕುಣಿದ. ಇಂದುಧರ ಕುಣಿದ. ಗುರುಬಸವ್ವ, "ಸೀಟ್ ಸಿಕ್ತು" ಎಂದರು. ಎಲ್ಲರೂ ಕೈಯಲ್ಲಿ ಮಿರ್ಚಿ ಹಿಡಿದು ಟಿವಿಯ ಮುಂದೆ ಬಂದು ನಿಂತರು. ವರದಿಗಾರ್ತಿಯೊಬ್ಬಳು ಮೈಕು ಹಿಡಿದಳು. ಹುಡುಗ ಹೆಲ್ಮೆಟ್ ತೆಗೆದ.

ಹುಡುಗ ಕರಿಯ ಜನಾಂಗದವನು. ಚೆಂದದ ಹುಡುಗ. ಬೆವರೊರೆಸಿಕೊಂಡು ನಗುತ್ತ ತನ್ನ ಅಮ್ಮನಿಗೆ ಥ್ಯಾಂಕ್ಸ್ ಹೇಳುತ್ತಿದ್ದ.

ಐದು ಶನಿವಾರಗಳಲ್ಲಿ ಬಂದ ಉದಾರತೆ ಐದು ಸೆಕೆಂಡಿನಲ್ಲಿ ಬಂದ ದಾರಿಯಲ್ಲೇ ಹೊರಟುಹೋಯಿತು. ಬಾಲಕೃಷ್ಣ ಮಿರ್ಚಿಯನ್ನು ಮತ್ತೆ ತಟ್ಟೆಯಲ್ಲಿಟ್ಟ. ಹುಡುಗನ ಬಣ್ಣ ಮೊದಲಿಂದಲೂ ಬಲ್ಲ ಓಲ್ಸನ್ ಒಬ್ಬನೇ ಇನ್ನೂ ಚಪ್ಪಾಳೆ ತಟ್ಟುತ್ತಿದ್ದ. ಅವನು ಇಂದುಧರನ ಬಲಗೈ ಹಿಡಿದು ಕುಲುಕಿ, ಇಂಗ್ಲಿಷಿನಲ್ಲಿ, "ನಿಮ್ಮ ಅಳಿಯ, ಇಂದು. ನಿಮಗೆ ಎಷ್ಟು ಹೆಮ್ಮೆಯಾಗಿರಬೇಕು" ಎಂದ.

"ಯೆಸ್ ಸರ್. ವೆರಿ ಪ್ರೌಡ್ ಸರ್," ಎಂದ ಇಂದುಧರ.

ಎಡಗಡೆಯಿಂದ ರಾಜಲಕ್ಷ್ಮಿ, ಓಲ್ಸನ್ ನೋಡುತ್ತಿದ್ದಾನೆಂದು ನಗುಮುಖ ಇಟ್ಟುಕೊಂಡೇ, ಕನ್ನಡದಲ್ಲಿ, "ಇಂದುಧರ್ ಅವರೇ, ಇವನಾ? ಇಂಥವನಿಗಾ ಹರಿಣೀನ ಕೊಡ್ತಿರೋದು?" ಎಂದರು.

ಇಂದುಧರನೂ ನಗುಮುಖದಲ್ಲೇ ಎಡಕ್ಕೆ ತಿರುಗಿದ. "ಅಯ್ಯೋ, ನಿಮಗೆ ಯಾರು ಹೇಳಿದ್ದು? ನಮಗೂ ಅವನಿಗೂ ಏನೂ ಸಂಬಂಧ ಇಲ್ಲ. ಅಂಥವನಿಗೆ ನಾನು ಮಗಳನ್ನ ಕೊಡ್ತೀನಾ?"

"ಮದುವೆ ಯಾವಾಗ?" ಎಂದು ಬಲಗಡೆಯಿಂದ ಓಲ್ಸನ್.

"ಸೂನ್ ಸರ್, ವೆರಿ ಸೂನ್."

"ಮತ್ತೆ ಅರ್ಚನೆ?" ಎಂದು ಎಡಗಡೆಯಿಂದ ಬಾಲಕೃಷ್ಣ.

"ಅದು ಆಫೀಸಿಗೋಸ್ಕರ ರೀ. ಇವನು ಹೋಗಲಿ, ಆಮೇಲೆ ಹೇಳ್ತೀನಿ."

ಒಂದು ಭಾಷೆಯಲ್ಲಿ ಮಗಳನ್ನು ಕೊಟ್ಟು ಇನ್ನೊಂದು ಭಾಷೆಯಲ್ಲಿ ವಾಪಸ್ ಪಡೆಯುವುದು ಸುಲಭದ ಕೆಲಸವಲ್ಲ. ಕುತ್ತಿಗೆ ನೋಯುತ್ತದೆ. ಶಾಮಲಾ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತುಬಿಟ್ಟಳು. ಗುರುಬಸವ್ವ ಮಾತ್ರ ಟಿವಿಯಿಂದ ಕಣ್ಣು ತೆಗೆಯದೆ, "ಚೊಲೋ ಅದಾನಲ್ಲೋ ಹುಡುಗ. ಯಾಕ ಎಲ್ಲಾರೂ ಸುಟ್ಟ ಮಾರಿ ಮಾಡ್ಕೊಂಡೀರಿ? ನಿಮ್ಮಪ್ಪಂದೂ ಇದ ಬಣ್ಣ ಇತ್ತು" ಎಂದರು. ರಾಜಲಕ್ಷ್ಮಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಅರ್ಧ ತುಂಬಿದ ಬಿಸಿಬೇಳೆಬಾತಿನ ಪಾತ್ರೆಯನ್ನು ಅವರು ವಾಪಸ್ ಹೊತ್ತುಕೊಂಡು ಹೋದರು. ಹೋಗುವಾಗ ಬಾಗಿಲಲ್ಲಿ ಬಾಲಕೃಷ್ಣ, "ಏನೇ ಆಗಲಿ, ಸಗೋತ್ರ ಅಂತ ನಾನು ಮೊದಲೇ ಹೇಳಿದ್ದೆ" ಎಂದ.

ರೋಜಾ ಇದ್ದಾಗ ಬೇಡದ ಮಾತು ಆಡಬಾರದೆಂದು ನಾನೂ ಸುಮ್ಮನಿದ್ದೆ ಎಂದು ಸಂಜೆ ರೋಜಾ ಬಿಡುವ ಹೊತ್ತಿಗೆ ಕನೀಜಳಿಗೆ ಹೇಳಿದೆ. "ರೋಜಾ ಇದ್ದಾಗ ಸುಳ್ಳಿಗೆ ಸಾಕ್ಷಿ ಆಗಬಾರದು ಅಂತಾನೂ ಇದೆ," ಎಂದಳು ಅವಳು, ಖರ್ಜೂರದ ತಟ್ಟೆ ಮುಂದಿಡುತ್ತ. ಆ ದಿನದ ಖರ್ಜೂರ ಅಷ್ಟೇನೂ ಸಿಹಿಯಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಇಂದುಧರ ಕಾರಿನಲ್ಲಿ ಹಾಡು ಗುನುಗುತ್ತಿದ್ದ. ತಂಡ ಗೆದ್ದಿದೆ, ಓಲ್ಸನ್ ಖುಷಿಯಲ್ಲಿದ್ದಾನೆ, ಸಂಘದವರಿಗೆ ಸಮಜಾಯಿಷಿ ಹೇಳಿದ್ದಾಗಿದೆ. ಎಲ್ಲ ಲೆಕ್ಕ ಸರಿಯಾಗಿತ್ತು. ಹತ್ತೂಮುಕ್ಕಾಲಿಗೆ ಅವನು ನನ್ನ ಲ್ಯಾಬಿನ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಒಂದು ರಟ್ಟಿನ ಡಬ್ಬವಿತ್ತು. ಅದರಲ್ಲಿ ಕಾಫಿ ಮಗ್ಗು, ಗಣೇಶನ ಸಣ್ಣ ವಿಗ್ರಹ, ಹರಿಣಿಯ ಸ್ಕೂಲ್ ಫೋಟೋ. "ನನ್ನ ಮನೆಗೆ ಬಿಡ್ತೀಯಾ?" ಎಂದ.

ನಡೆದದ್ದನ್ನು ಅವನು ಕಾರಿನಲ್ಲಿ ಹೇಳಿದ. ಓಲ್ಸನ್ ಅವನನ್ನು ತುಂಬ ಪ್ರೀತಿಯಿಂದ ಒಳಗೆ ಕರೆದು ಕೂರಿಸಿದನಂತೆ. ಐವರಲ್ಲಿ ಯಾರ ಹೆಸರು ಬರೆಯಬೇಕೆಂದು ತಿಂಗಳಿಂದ ನಿದ್ದೆಯಿಲ್ಲ ಎಂದನಂತೆ. ಒಬ್ಬನಿಗೆ ಚಿಕ್ಕ ಮಕ್ಕಳು, ಒಬ್ಬನ ಹೆಂಡತಿಗೆ ಕಾಯಿಲೆ, ಬಾಲಕೃಷ್ಣನ ಇಬ್ಬರು ಮಕ್ಕಳೂ ಈಗಷ್ಟೇ ಕಾಲೇಜು ಸೇರಿದ್ದಾರೆ. "ಆದರೆ ಇಂದು, ಶನಿವಾರದ ಆಟ ನೋಡಿದ ಮೇಲೆ ನನ್ನ ಮನಸ್ಸು ಹಗುರವಾಯಿತು. ನಿಮ್ಮ ಅಳಿಯ ಮುಂದಿನ ವರ್ಷ ದೊಡ್ಡ ವೃತ್ತಿಪರ ತಂಡಕ್ಕೆ ಹೋಗಿ ಲಕ್ಷಗಟ್ಟಲೆ ಡಾಲರ್ ದುಡಿಯುವುದು ಖಂಡಿತ. ಈ ಐವರಲ್ಲಿ ನಾಳೆಯ ಚಿಂತೆ ಇಲ್ಲದ ಮನುಷ್ಯ ನೀವೊಬ್ಬರೇ. ನಿಮ್ಮ ಹೆಸರನ್ನೇ ಬರೆಯಲೇ? ಇನ್ನೂ ಕಳಿಸಿಲ್ಲ. ನಿಮ್ಮನ್ನು ಕೇಳದೆ ಕಳಿಸಬಾರದು ಅನ್ನಿಸಿತು."

ಇಂದುಧರ ಆಗ ತನ್ನ ಜೀವಮಾನದಲ್ಲೇ ಅಪರೂಪದ ಕೆಲಸ ಮಾಡಿದ. ನಿಜ ಹೇಳಿದ. ಸರ್, ಅವನು ನನ್ನ ಅಳಿಯನಲ್ಲ, ನನ್ನ ಮಗಳು ಅವನನ್ನು ಒಂದೇ ಸಲ ಕ್ಯಾಂಟೀನಿನ ಸಾಲಿನಲ್ಲಿ ನೋಡಿದ್ದಾಳೆ, ಅವನ ಜೊತೆ ಮಾತೂ ಆಡಿಲ್ಲ, ನಮಗೂ ಅವನಿಗೂ ಏನೂ ಸಂಬಂಧವಿಲ್ಲ ಎಂದ.

ಓಲ್ಸನ್ ಮೆಲ್ಲಗೆ, "ಆ ಹುಡುಗ ಹೆಲ್ಮೆಟ್ ತೆಗೆದಾಗ ನಿಮ್ಮ ಅತಿಥಿಗಳ ಮುಖ ನಾನೂ ನೋಡಿದೆ" ಎಂದ. "ನನಗೆ ನಿಮ್ಮ ಭಾಷೆ ಬರುವುದಿಲ್ಲ. ಆದರೆ ಅವರು ಏನು ಕೇಳುತ್ತಿದ್ದರೆಂದು ಗೊತ್ತಾಯಿತು. ನೀವು ಅವರಂತಲ್ಲ ಅಂದುಕೊಂಡಿದ್ದೆ. ಶನಿವಾರ ನನ್ನ ಕೈ ಹಿಡಿದು ಹೆಮ್ಮೆ ಎಂದಿರಿ. ಇವತ್ತು ಆ ಹುಡುಗ ಯಾರೋ ಗೊತ್ತೇ ಇಲ್ಲ ಅನ್ನುತ್ತೀರಿ. ಎರಡೇ ದಿನದಲ್ಲಿ ನಿಮ್ಮ ಜನ ನಿಮ್ಮನ್ನು ಹೆದರಿಸಿಬಿಟ್ಟರೇ?" ಇಷ್ಟು ಹೇಳಿ ಅವನು ಕಂಪ್ಯೂಟರಿನ ಕಡೆ ತಿರುಗಿ, ಒಂದು ಗುಂಡಿ ಒತ್ತಿ ಹೆಸರು ಕಳಿಸಿದ. ಕೈ ಕುಲುಕಲಿಲ್ಲ.

ಹಗಲು ಹನ್ನೊಂದು ಗಂಟೆಗೆ ಫ್ರೀವೇ ಖಾಲಿಯಿತ್ತು. ಅವನ ಮೇಲೆ ಮರುಕ ಬಂತು, ಸಿಟ್ಟೂ ಬಂತು. ಓಲ್ಸನ್ ತಿಳಿದುಕೊಂಡದ್ದು ಪೂರ್ತಿ ತಪ್ಪು, ಆದರೆ ಪೂರ್ತಿ ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇಂದುಧರ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದ. ಪೋವೇ ರೋಡ್ ದಾಟಿದ ಮೇಲೆ ಕೆಮ್ಮಿದ.

"ಜುಲ್ಫಿ, ಗುರುವಾರ ಹರಿಣಿ ರಜಕ್ಕೆ ಬರ್ತಾಳೆ."

"ಗೊತ್ತು."

"ಆ ಹುಡುಗನ್ನ ಒಂದ್ಸಲ ಮಾತಾಡಿಸಮ್ಮ, ಪರಿಚಯ ಮಾಡ್ಕೊ ಅಂತ ಅವಳಿಗೆ ಹೇಳಿದ್ರೆ ಹೇಗೆ? ಒಳ್ಳೇ ಹುಡುಗನ ಥರ ಕಾಣ್ತಾನಪ್ಪ."

ನಾನು ಕಾರಿನ ವೇಗ ಕಡಿಮೆ ಮಾಡಿ ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. "ಶನಿವಾರ ಅಷ್ಟು ಜನರ ಎದುರಿಗೆ, ಅಂಥವನಿಗೆ ಮಗಳನ್ನ ಕೊಡ್ತೀನಾ ಅಂದೆಯಲ್ಲೋ," ಎಂದೆ.

"ಶನಿವಾರ ನನಗೆ ಕೆಲಸ ಇತ್ತಲ್ಲ ಜುಲ್ಫಿ," ಎಂದ ಇಂದುಧರ.